ಮ್ಯಾಗ್ಲೆವ್ ರೈಲು ಮಾರ್ಗದ ಯೋಜನೆ: ಟೋಕಿಯೊ–ನಗೋಯಾ ಮಾರ್ಗದ ವಿವರ

ಗಾಲಿಗಳ ಮೇಲೆ ಉರುಳದೆ, ಕಾಂತಬಲದಿಂದ ಮಾರ್ಗದ ಮೇಲೆ ತೇಲುತ್ತ ಚಲಿಸುವ ರೈಲನ್ನು ಮ್ಯಾಗ್ಲೆವ್ ರೈಲು ಎಂದು ಕರೆಯಲಾಗುತ್ತದೆ. ಮಹಾನಗರಗಳನ್ನು ಜೋಡಿಸುವ ಇಂತಹ ದೂರದ ಮಾರ್ಗವೊಂದು ಜಪಾನ್ ದೇಶದಲ್ಲಿ ನಿರ್ಮಾಣ ಹಂತದಲ್ಲಿದೆ. ಟೋಕಿಯೊದ ಶಿನಾಗಾವಾದಿಂದ ನಗೋಯಾದವರೆಗಿನ ಸುಮಾರು 286 ಕಿ.ಮೀ. ಉದ್ದದ ಈ ಮಾರ್ಗಕ್ಕೆ ಚುವೊ ಶಿಂಕಾನ್ಸೆನ್ ಎಂದು ಹೆಸರು. ಈಗ ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುವ ಪ್ರಯಾಣವನ್ನು 40 ನಿಮಿಷಗಳಿಗೆ ಇಳಿಸುವುದು ಯೋಜನೆಯ ಉದ್ದೇಶವಾಗಿದೆ.

ಮುಂಬಯಿ–ಅಹಮದಾಬಾದ್ ನಡುವೆ ಜಪಾನಿನ ನೆರವಿನೊಂದಿಗೆ ನಿರ್ಮಾಣವಾಗುತ್ತಿರುವ 508 ಕಿ.ಮೀ. ಉದ್ದದ ಮಾರ್ಗವು ಹಳಿಯ ಮೇಲೆ ಗಾಲಿಗಳಿಂದ ಓಡುವ ಅತಿವೇಗದ ರೈಲಿನದು. ಅದು ಮ್ಯಾಗ್ಲೆವ್ ಅಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸುವವರು ಬಹಳಷ್ಟು ಮಂದಿ ಇರುವುದರಿಂದ ಸಾರ್ವಜನಿಕರು ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

ರೈಲು ಚಲಿಸುವ ಬಗೆ

ಬೋಗಿಗಳಲ್ಲಿ ಅತಿವಾಹಕ ಕಾಂತಗಳನ್ನು ಅಳವಡಿಸಿ, ದ್ರವ ಹೀಲಿಯಂನಿಂದ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ಇರಿಸಲಾಗುತ್ತದೆ. ಮಾರ್ಗದ ಎರಡೂ ಬದಿಯ ಗೋಡೆಗಳಲ್ಲಿ ತಂತಿಸುರುಳಿಗಳಿರುತ್ತವೆ. ಗಂಟೆಗೆ ಸುಮಾರು 150 ಕಿ.ಮೀ. ವೇಗದವರೆಗೆ ರೈಲು ರಬ್ಬರ್ ಚಕ್ರಗಳ ಮೇಲೆ ಓಡಿ, ಅನಂತರ ನೆಲದಿಂದ ಸುಮಾರು 10 ಸೆಂ.ಮೀ. ಮೇಲಕ್ಕೇಳುತ್ತದೆ. ಯಮನಾಶಿಯ 42.8 ಕಿ.ಮೀ. ಉದ್ದದ ಪರೀಕ್ಷಾ ಮಾರ್ಗದಲ್ಲಿ 2015ರ ಏಪ್ರಿಲ್ 21ರಂದು ಗಂಟೆಗೆ 603 ಕಿ.ಮೀ. ವೇಗ ದಾಖಲಾಯಿತು. ಪ್ರಯಾಣಿಕರ ಸೇವೆಗೆ ಗೊತ್ತುಪಡಿಸಿರುವ ಗರಿಷ್ಠ ವೇಗ 505 ಕಿ.ಮೀ.

ಮಾರ್ಗದ ಆಯ್ಕೆ

1970ರ ರಾಷ್ಟ್ರವ್ಯಾಪಿ ಶಿಂಕಾನ್ಸೆನ್ ಅಧಿನಿಯಮದ ಅನ್ವಯ 1973ರಲ್ಲಿಯೇ ಈ ಮಾರ್ಗವು ಮೂಲ ಯೋಜನೆಯಲ್ಲಿ ಸೇರ್ಪಡೆಯಾಗಿತ್ತು. ಮಧ್ಯ ಜಪಾನ್ ರೈಲ್ವೆ ಕಂಪನಿಯು ಸ್ವಂತ ವೆಚ್ಚದಲ್ಲಿ ನಿರ್ಮಿಸುವುದಾಗಿ 2007ರಲ್ಲಿ ಪ್ರಕಟಿಸಿದ ತರುವಾಯವೇ ಕಾರ್ಯಕ್ಕೆ ಚಾಲನೆ ದೊರೆಯಿತು. ಕಿಸೊ ಕಣಿವೆ, ಇನಾ ಕಣಿವೆ ಹಾಗೂ ದಕ್ಷಿಣ ಆಲ್ಪ್ಸ್ ಪರ್ವತಗಳ ಮೂಲಕ ಹೋಗುವ ಮೂರು ಮಾರ್ಗಗಳನ್ನು ಪರಿಶೀಲಿಸಿ, 2011ರಲ್ಲಿ ಪರ್ವತಗಳನ್ನು ನೇರವಾಗಿ ಕೊರೆದು ಹೋಗುವ ಮಾರ್ಗವನ್ನು ಅಂಗೀಕರಿಸಲಾಯಿತು.

ಈ ಆಯ್ಕೆಯ ಹಿಂದಿನ ಕಾರಣವನ್ನು ಅರಿತರೆ ಮುಂದಿನ ತೊಡಕುಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ. ಗಂಟೆಗೆ 500 ಕಿ.ಮೀ. ವೇಗದ ರೈಲು ಬಾಗುವಂತಿಲ್ಲ. ತಿರುವಿನ ತ್ರಿಜ್ಯವು ಕನಿಷ್ಠ 8,000 ಮೀಟರ್ ಇರಬೇಕಾಗುತ್ತದೆ. ಊರು, ಹೊಳೆ, ಬೆಟ್ಟಗಳನ್ನು ಬಳಸಿ ಹೋಗಲು ಅವಕಾಶವಿಲ್ಲದ್ದರಿಂದ ಅವುಗಳ ಅಡಿಯಲ್ಲಿಯೇ ಹೋಗಬೇಕು. ಪರಿಣಾಮವಾಗಿ ಮಾರ್ಗದ ಸುಮಾರು ಶೇ. 86 ಭಾಗವು ಸುರಂಗವಾಗಿದೆ. ಪರಿಸರ ಪರಿಣಾಮದ ಅಧ್ಯಯನವು ಮುಗಿದ ನಂತರ 2014ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವರು ಕಾಮಗಾರಿಗೆ ಮಂಜೂರಾತಿ ನೀಡಿದರು.

ನೀರಿನ ಪ್ರಶ್ನೆ

ದಕ್ಷಿಣ ಆಲ್ಪ್ಸ್ ಸುರಂಗದ ಉದ್ದ ಸುಮಾರು 25 ಕಿ.ಮೀ. ಅದರಲ್ಲಿ ಸುಮಾರು 10.7 ಕಿ.ಮೀ. ಭಾಗವು ಶಿಜುವೊಕಾ ಪ್ರಾಂತ್ಯದಲ್ಲಿ, ಓಯಿ ನದಿಯ ಉಗಮದ ಬಳಿ ಬರುತ್ತದೆ. ಈ ಪ್ರಾಂತ್ಯಕ್ಕೆ ಒಂದು ನಿಲ್ದಾಣವೂ ಇಲ್ಲ. ಯಾವ ಕ್ರಮವನ್ನೂ ಕೈಗೊಳ್ಳದಿದ್ದಲ್ಲಿ ನದಿಯ ಹರಿವು ಸೆಕೆಂಡಿಗೆ ಗರಿಷ್ಠ 2 ಘನ ಮೀಟರಿನಷ್ಟು ಕಡಿಮೆಯಾಗಬಹುದೆಂದು ಕಂಪನಿಯೇ 2013ರಲ್ಲಿ ಅಂದಾಜಿಸಿತ್ತು. ಕೆಳಭಾಗದ ಸುಮಾರು 6 ಲಕ್ಷ 20 ಸಾವಿರ ಜನರು ಈ ನದಿಯ ನೀರನ್ನೇ ಅವಲಂಬಿಸಿದ್ದಾರೆ. ಚಹಾ ತೋಟಗಳೂ ಇವೆ.

ಜನರ ಆತಂಕಕ್ಕೆ ಹಳೆಯ ಆಧಾರವೂ ಉಂಟು. ಇದೇ ಪ್ರಾಂತ್ಯದಲ್ಲಿ 1918ರಿಂದ 1934ರವರೆಗೆ ತನ್ನಾ ಸುರಂಗವನ್ನು ತೋಡಿದಾಗ ಮೇಲಿನ ಬಯಲಿನ ನೀರೆಲ್ಲ ಸುರಂಗಕ್ಕಿಳಿದು, ಭತ್ತದ ಗದ್ದೆಗಳು ಒಣಗಿ, ರೈತರು ಹೈನುಗಾರಿಕೆಗೆ ತಿರುಗಬೇಕಾಯಿತು. ಸಚಿವರ ಮಂಜೂರಾತಿ ಇದ್ದರೂ, ನದಿಯ ತಳದಲ್ಲಿ ಕೊರೆಯಲು ಪ್ರಾಂತ್ಯದ ಗವರ್ನರ್ ಅವರ ಅನುಮತಿ ಅವಶ್ಯವಾಗಿತ್ತು. ಅಂದಿನ ಗವರ್ನರ್ ಹೇಯ್ತಾ ಕವಕಾತ್ಸು ಅವರು ಒಪ್ಪಿಗೆ ನೀಡಲಿಲ್ಲ. ಅವರು 2024ರಲ್ಲಿ ಹುದ್ದೆಯನ್ನು ತ್ಯಜಿಸಿದರು. ಹೊರಹರಿಯುವ ನೀರಿಗೆ ಪ್ರತಿಯಾಗಿ ಮೇಲಣ ತಾಶಿರೊ ಅಣೆಕಟ್ಟಿನಲ್ಲಿ ವಿದ್ಯುತ್ತಿಗಾಗಿ ಎತ್ತುವ ನೀರನ್ನು ಕಡಿಮೆ ಮಾಡುವ ಒಪ್ಪಂದವು 2023ರಲ್ಲಿ ಆಗಿದೆ.

ಆತಂಕವು ನಿರಾಧಾರವಲ್ಲವೆಂಬುದು ಬೇರೆಡೆ ಕಂಡುಬಂದಿತು. ಗಿಫು ಪ್ರಾಂತ್ಯದ ಮಿಜುನಾಮಿಯಲ್ಲಿ 2024ರಲ್ಲಿ ಸುರಂಗದ ಕಾಮಗಾರಿಯ ಸಮೀಪದ ಬಾವಿಗಳ ನೀರು ಇಳಿದು, ಅಲ್ಲಿ ಅಗೆಯುವುದನ್ನು ನಿಲ್ಲಿಸಬೇಕಾಯಿತು.

ಮನೆಗಳ ಕೆಳಗಿನ ಭೂಮಿ

ನಗರಗಳಲ್ಲಿ ಪ್ರಶ್ನೆಯು ಬೇರೆ ಬಗೆಯದು. ಜಪಾನಿನಲ್ಲಿ 2000ದಲ್ಲಿ ರಚಿತವಾದ ಆಳ ಭೂಗರ್ಭ ಬಳಕೆಯ ಅಧಿನಿಯಮದಂತೆ, 40 ಮೀಟರಿಗಿಂತ ಆಳದಲ್ಲಿ ಸಾರ್ವಜನಿಕ ಕಾಮಗಾರಿಯನ್ನು ಕೈಗೊಳ್ಳಲು ಭೂಮಾಲೀಕರ ಒಪ್ಪಿಗೆಯಾಗಲಿ, ಸಾಮಾನ್ಯವಾಗಿ ಪರಿಹಾರವಾಗಲಿ ಬೇಕಿಲ್ಲ. ಮ್ಯಾಗ್ಲೆವ್ ಮಾರ್ಗದ ಸುಮಾರು 50 ಕಿ.ಮೀ. ಭಾಗಕ್ಕೆ 2018ರಲ್ಲಿ ಈ ಅನುಮೋದನೆ ದೊರೆಯಿತು. 2020ರ ಅಕ್ಟೋಬರಿನಲ್ಲಿ ಚೋಫು ನಗರದಲ್ಲಿ ಇದೇ ಅಧಿನಿಯಮದಡಿ ತೋಡಲಾಗುತ್ತಿದ್ದ ಹೆದ್ದಾರಿ ಸುರಂಗದ ಮೇಲಿನ ವಸತಿ ಪ್ರದೇಶದ ರಸ್ತೆಯು ಕುಸಿಯಿತು. ಅದು ರೈಲಿನ ಕಾಮಗಾರಿಯಲ್ಲವಾದರೂ, ಮಾರ್ಗದ ಮೇಲೆ ವಾಸಿಸುವವರು ತಮ್ಮ ಮನೆಯ ಅಡಿಪಾಯದ ಬಗ್ಗೆ ಕೇಳತೊಡಗಿದ್ದು ಸಹಜವೇ ಆಗಿದೆ.

ವೆಚ್ಚ ಮತ್ತು ಕಾಲಾವಧಿ

ಟೋಕಿಯೊ–ನಗೋಯಾ ಭಾಗದ ಅಂದಾಜು ವೆಚ್ಚವು 2014ರಲ್ಲಿ 5.52 ಲಕ್ಷ ಕೋಟಿ ಯೆನ್ ಇದ್ದದ್ದು, 2021ರಲ್ಲಿ 7.04 ಲಕ್ಷ ಕೋಟಿಗೆ ಹಾಗೂ 2025ರ ಅಕ್ಟೋಬರಿನಲ್ಲಿ 11 ಲಕ್ಷ ಕೋಟಿಗೆ ಏರಿತು. ಅಂದರೆ ಹನ್ನೊಂದು ವರ್ಷಗಳಲ್ಲಿ ಮೊತ್ತವು ಸರಿಸುಮಾರು ಇಮ್ಮಡಿಯಾಗಿದೆ. 2027ರಲ್ಲಿ ಸೇವೆ ಆರಂಭಿಸುವುದು ಅಸಾಧ್ಯವೆಂದು ಕಂಪನಿಯು 2024ರ ಮಾರ್ಚಿನಲ್ಲಿ ತಿಳಿಸಿತು. ಇತ್ತೀಚಿನ ಲೆಕ್ಕಾಚಾರವನ್ನು 2035ರಲ್ಲಿ ಪ್ರಾರಂಭವೆಂಬ ಊಹೆಯ ಮೇಲೆ ಮಾಡಲಾಗಿದೆ.

ನಗೋಯಾದಿಂದ ಓಸಾಕಾವರೆಗಿನ ಮುಂದಿನ ಭಾಗವನ್ನು ಮೊದಲು 2045ಕ್ಕೆ ಗೊತ್ತುಪಡಿಸಲಾಗಿತ್ತು. ಸರ್ಕಾರವು 3 ಲಕ್ಷ ಕೋಟಿ ಯೆನ್ ಸಾಲ ಒದಗಿಸಿದ ಮೇಲೆ ಅದನ್ನು 2037ರಷ್ಟು ಬೇಗನೆ ಮುಗಿಸಬಹುದೆಂದು ನಿರೀಕ್ಷಿಸಲಾಯಿತು. ಆ ನಿರೀಕ್ಷೆಯನ್ನು ಇಟ್ಟುಕೊಂಡಾಗ ನಗೋಯಾದವರೆಗಿನ ಭಾಗವು 2027ರಲ್ಲಿ ಸಿದ್ಧವಾಗುವುದೆಂದು ಎಣಿಸಲಾಗಿತ್ತು.