ಗಳಗನಾಥರ ತಲೆಹೊರೆಯಿಂದ ಪಂಚಾಯ್ತಿ ಲೈಬ್ರರಿವರೆಗೆ: ಕಾದಂಬರಿ ಓದಿ ಮಾತಾಡಿಕೊಂಡವರ ಕತೆ

ನಮ್ಮ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿ ತುಂಗಭದ್ರೆಯನ್ನು ಸೇರುವ ಜಾಗದಲ್ಲಿ ಗಳಗನಾಥ ಅನ್ನುವ ಊರಿದೆ. ಬಹಳಷ್ಟು ಜನ ಅಲ್ಲಿಗೆ ಹೋಗುವುದು ಗಳಗೇಶ್ವರನ ಗುಡಿ ನೋಡಲು. ಕನ್ನಡ ಓದುವವರಿಗೆ ಈ ಊರಿನ ಹೆಸರು ಇನ್ನೊಂದು ಕಾರಣಕ್ಕೂ ಗೊತ್ತು. ವೆಂಕಟೇಶ ತಿರಕೊ ಕುಲಕರ್ಣಿ ಎಂಬ ಶಾಲಾ ಮಾಸ್ತರರು ಇದೇ ಊರಿನ ಹೆಸರನ್ನು ತಮ್ಮ ಕಾವ್ಯನಾಮ ಮಾಡಿಕೊಂಡು ಕಾದಂಬರಿ ಬರೆದರು. ಅವರೇ ಗಳಗನಾಥರು. ಹುಟ್ಟಿದ್ದು 1869ರಲ್ಲಿ, ತೀರಿಕೊಂಡಿದ್ದು 1942ರಲ್ಲಿ.

ಆಗ ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಓದು ಬಲ್ಲವರ ಕೈಯಲ್ಲಿ ಹೆಚ್ಚಾಗಿ ಮರಾಠಿ ಪುಸ್ತಕಗಳೇ ಇರುತ್ತಿದ್ದವು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೂ ಬರೆದರು. ಅಗಡಿ ಆನಂದವನದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ಪುಸ್ತಕ ಅಚ್ಚಾದ ಮೇಲೆ ಕೊಳ್ಳುವವರು ಬರಲಿ ಎಂದು ಕಾಯದೆ, ಗಂಟು ಕಟ್ಟಿ ತಲೆಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದವರು ಅಂತ ಇವತ್ತಿಗೂ ಅವರ ಹೆಸರು ಹೇಳುತ್ತಾರೆ.

ಆದರೆ ಆ ಪುಸ್ತಕಗಳನ್ನು ಓದಿದವರು ಆಮೇಲೆ ಏನು ಮಾತಾಡಿಕೊಂಡರು? ಬರೆದವರ ಇತಿಹಾಸ ನಮಗೆ ಸಿಗುತ್ತದೆ. ಓದಿ, ಕಟ್ಟೆ ಮೇಲೆ ಕೂತು ವಾದ ಮಾಡಿದವರ ಇತಿಹಾಸ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ನಾನು ಹೇಳಹೊರಟಿರುವುದು ಅವರ ಕತೆ.

ಒಬ್ಬರು ಓದಿದರೆ ಹತ್ತು ಜನರ ಕಿವಿ

ಮೊದಲು ಒಂದು ಲೆಕ್ಕ ನೋಡೋಣ. 1951ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 18 ಜನರಿಗೆ ಮಾತ್ರ ಓದು ಬರಹ ಬರುತ್ತಿತ್ತು. ಹೆಂಗಸರಲ್ಲಂತೂ ನೂರಕ್ಕೆ ಒಂಬತ್ತು ಮಂದಿಗೂ ಪೂರ್ತಿ ಬರುತ್ತಿರಲಿಲ್ಲ. ಹೀಗಿದ್ದೂ ಕಾದಂಬರಿ ಹಳ್ಳಿಗೆ ಬಂತು. ಹೇಗೆ?

ನಮ್ಮಲ್ಲಿ ಕೇಳುವ ರೂಢಿ ಮೊದಲೇ ಇತ್ತು. ಗುಡಿಯಲ್ಲೋ ಪಡಸಾಲೆಯಲ್ಲೋ ಒಬ್ಬರು ಗದುಗಿನ ಭಾರತ, ಜೈಮಿನಿ ಭಾರತ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ಕೇಳುವುದು. ಕಾದಂಬರಿ ಬಂದು ಇದೇ ಜಾಗದಲ್ಲಿ ಕೂತಿತು. ಪುರಾಣದಲ್ಲಿ ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಕಾದಂಬರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಓದು ನಿಂತ ಕೂಡಲೇ ಮಾತು ಶುರುವಾಗುತ್ತಿತ್ತು. ಅವಳು ಹಾಗೆ ಮಾಡಿದ್ದು ಸರಿಯೇ? ಅವನು ಹಾಗೆ ಮಾಡಬಾರದಿತ್ತೇ?

ಈ ಮಾತಿನಲ್ಲಿ ಒಂದು ಅನುಕೂಲವಿತ್ತು. ಮನೆಯವರ ಬಗ್ಗೆ, ಓಣಿಯವರ ಬಗ್ಗೆ ಬಾಯಿಬಿಟ್ಟರೆ ಜಗಳ. ಕಾದಂಬರಿಯವರ ಬಗ್ಗೆ ಎಷ್ಟು ಬೇಕಾದರೂ ಹೇಳಬಹುದು, ಯಾರೂ ಹೊಡೆಯಲು ಬರುವುದಿಲ್ಲ!

1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದನ್ನು ಕರೆಯುತ್ತಾರೆ. ಬರೆದವರು ಪೊಲೀಸ್ ಅಧಿಕಾರಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹೆಣ್ಣು ಓದಿ, ಮರುಮದುವೆಯಾಗುವ ಕತೆ ಅದು. ವಿಧವಾ ವಿವಾಹಕ್ಕೆ ಕಾನೂನು 1856ರಲ್ಲೇ ಬಂದಿತ್ತು. ಅಂದರೆ ಕಾನೂನಾಗಿ 43 ವರ್ಷ ಕಳೆದರೂ ಮನೆಯೊಳಗೆ ಅದರ ಮಾತೆತ್ತುವುದು ಕಷ್ಟವಿತ್ತು. ಕಾದಂಬರಿ ಆ ಮಾತನ್ನು ಪಡಸಾಲೆಗೆ ತಂದಿತು.

ಜಗಳವೂ ಆಯ್ತು

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಓದುಗರು ಮೊದಲೇ ಚಂದಾ ಕಟ್ಟುವುದು, ಪುಸ್ತಕ ಮನೆಗೆ ಬರುವುದು. ಒಂದೇ ಪುಸ್ತಕ ಅಷ್ಟೂ ಮನೆಗಳಿಗೆ ಹೋದರೆ ಚರ್ಚೆಗೆ ಜೊತೆ ಸಿಗುವುದು ಸುಲಭ.

ಆಮೇಲೆ ಅ.ನ.ಕೃ. ಕಾಲ ಬಂತು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ಅವರು ವೇಶ್ಯೆಯರ ಬದುಕನ್ನು ಬರೆದಾಗ ದೊಡ್ಡ ಗದ್ದಲವೇ ಆಯಿತು. ಇದು ಅಶ್ಲೀಲ, ಮನೆಮಂದಿ ಓದುವಂಥದ್ದಲ್ಲ ಅಂತ ಒಂದು ಗುಂಪು. ಇರುವುದನ್ನೇ ಬರೆದಿದ್ದಾರೆ, ಮುಚ್ಚಿಟ್ಟರೆ ಇಲ್ಲವಾಗುತ್ತದೆಯೇ ಅಂತ ಇನ್ನೊಂದು ಗುಂಪು. ಕೊನೆಗೆ ಅ.ನ.ಕೃ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಅಂತ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಓದಿದವರ ಅಭಿಪ್ರಾಯಕ್ಕೆ ಎಷ್ಟು ತೂಕವಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1965ರ ಜನವರಿಯಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ವಾರಪತ್ರಿಕೆ ಶುರುವಾದವು. ‘ಪ್ರಜಾಮತ’, ‘ಕರ್ಮವೀರ’ ಮೊದಲೇ ಇದ್ದವು. ವಾರಪತ್ರಿಕೆಯ ಧಾರಾವಾಹಿ ಅಂದರೆ ಊರಿಗೆಲ್ಲ ಒಂದೇ ಕಂತು, ಒಂದೇ ವಾರ. ಬಸ್ಸಿನಲ್ಲಿ ಬಂದ ಒಂದು ಪ್ರತಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಕಂತಿನ ಹಾಳೆಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ರಟ್ಟು ಅಂಟಿಸಿ ಪುಸ್ತಕ ಮಾಡಿಕೊಳ್ಳುತ್ತಿದ್ದರು. ಅಂಥ ಹೊಲಿದ ಕಾದಂಬರಿ ನಿಮ್ಮ ಮನೆಯ ಅಟ್ಟದಲ್ಲೂ ಇದ್ದೀತು, ಒಮ್ಮೆ ಹುಡುಕಿ.

ನಮ್ಮವ್ವ ಹೇಳುವ ಕತೆ

ತ್ರಿವೇಣಿಯವರ ‘ಶರಪಂಜರ’ ನಿಮಗೆ ಸಿನಿಮಾ ಆಗಿ ಗೊತ್ತಿರಬಹುದು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ್ದು, ಕಲ್ಪನಾ ಅಭಿನಯಿಸಿದ್ದು. ಮೂಲ ಕಾದಂಬರಿ ಬರೆದ ತ್ರಿವೇಣಿ ಮನಃಶಾಸ್ತ್ರ ಓದಿದವರು, 1963ರಲ್ಲಿ ಇನ್ನೂ 35 ತುಂಬುವ ವಯಸ್ಸಿನಲ್ಲೇ ತೀರಿಕೊಂಡರು. ಬಾಣಂತನದಲ್ಲಿ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡನಿಗೆ, ಮನೆಗೆ, ಊರಿಗೆ ಅವಳು ಇನ್ನೂ ‘ಹುಚ್ಚಿ’ಯೇ.

ನಮ್ಮವ್ವ ಹುಡುಗಿಯಾಗಿದ್ದಾಗ ದೊಡ್ಡವ್ವ ಈ ಪುಸ್ತಕವನ್ನು ಯಾರಿಂದಲೋ ತಂದು ಮಧ್ಯಾಹ್ನದ ಹೊತ್ತು ಹಿತ್ತಲಲ್ಲಿ ಓದಿ ಹೇಳುತ್ತಿದ್ದಳಂತೆ. ಶೇಂಗಾ ಸುಲಿಯಲು ಕೂತ ಓಣಿಯ ಹೆಂಗಸರೆಲ್ಲ ಕೇಳುತ್ತಿದ್ದರು. ಅವರಲ್ಲಿ ಒಬ್ಬಳನ್ನು ಬಾಣಂತನದ ನಂತರ ಗಂಡನ ಮನೆಯವರು ತವರಿಗೆ ಬಿಟ್ಟು ಹೋಗಿದ್ದರು. ತಲೆ ಸರಿಯಿಲ್ಲ ಅನ್ನುವುದು ಅವರ ದೂರು. ಎರಡು ವರ್ಷವಾದರೂ ಕರೆಯಲು ಬಂದಿರಲಿಲ್ಲ. ಓಣಿಯವರೂ ಆಕೆಯ ಮುಂದೆ ಆ ಮಾತು ತೆಗೆಯುತ್ತಿರಲಿಲ್ಲ.

ಕಾವೇರಿಯ ಗಂಡನ ವಿಷಯ ಬಂದಾಗ ಹಿತ್ತಲಲ್ಲಿ ವಾದ ಶುರುವಾಯಿತು. ಗಂಡಸಿಗೂ ಹೆದರಿಕೆ ಇರೂದಿಲ್ಲೇನು ಅಂತ ಒಬ್ಬಳು ಅಂದಳು. ಆಗ ನಮ್ಮ ಆಯಿ, ಅಕ್ಷರ ಬಾರದವಳು, ಕೈಯಲ್ಲಿದ್ದ ಶೇಂಗಾ ಬುಟ್ಟಿಗೆ ಹಾಕಿ ಹೇಳಿದಳಂತೆ: “ಜ್ವರ ಬಂದು ಹ್ವಾದಾಕಿನ್ನ ಜ್ವರದಾಕಿ ಅಂತೀರೇನು? ಆಕೀದೇನು ತಪ್ಪೈತಿ ಇದರಾಗ?”

ಯಾರೂ ಆ ಹೆಣ್ಣುಮಗಳ ಕಡೆ ನೋಡಲಿಲ್ಲವಂತೆ. ಆಕೆಯೂ ತಲೆ ಎತ್ತಲಿಲ್ಲ. ಆದರೆ ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತು, ಮುಂದಿಂದು ಓದಬೇ ಅಂದಳಂತೆ. ಆಕೆಯ ಗಂಡನ ಮನೆಯವರು ಆಮೇಲೂ ಬರಲಿಲ್ಲ. ಪುಸ್ತಕ ಓದಿದ್ದಕ್ಕೆ ಬದುಕು ಬದಲಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅವತ್ತಿನಿಂದ ಓಣಿಯಲ್ಲಿ ಆಕೆಯನ್ನು ಅಡ್ಡ ಹೆಸರಿಡಿದು ಕರೆಯುವುದು ನಿಂತಿತು ಅಂತ ಅವ್ವ ಹೇಳುತ್ತಾಳೆ.

ಈಗ?

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಊರೂರಿಗೆ ಲೈಬ್ರರಿ ಬರಲು ದಾರಿಯಾಯಿತು. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಗ್ರಂಥಾಲಯ ಕರ ಇದಕ್ಕೇ. 2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಬಂತು. ಈಗ ‘ಅರಿವು ಕೇಂದ್ರ’ ಅನ್ನುವ ಬೋರ್ಡ್ ಎಷ್ಟೋ ಊರುಗಳಲ್ಲಿದೆ.

ಸುದ್ದಿಗೆಂದು ಹೋದ ಕಡೆ ನಾನು ಈ ಲೈಬ್ರರಿಗಳಿಗೆ ಕಾಲಿಡುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಇರುತ್ತಾರೆ, ಪೇಪರ್ ಓದುವ ಹಿರಿಯರು ಇರುತ್ತಾರೆ. ಕಾದಂಬರಿ ಕಪಾಟಿನ ಹತ್ತಿರ ಜನ ಕಡಿಮೆ. ಹಳೇ ಪ್ರತಿ ತೆಗೆದರೆ ಅಂಚಿನಲ್ಲಿ ಪೆನ್ಸಿಲ್ ಬರಹ ಸಿಗುತ್ತದೆ. ಒಬ್ಬರು ಕೊನೆ ಚೆನ್ನಾಗಿಲ್ಲ ಅಂತ ಬರೆದಿರುತ್ತಾರೆ, ಕೆಳಗೆ ಇನ್ನೊಬ್ಬರು ಅದಕ್ಕೆ ಬೈದಿರುತ್ತಾರೆ. ಪುಸ್ತಕದ ಮೇಲೆ ಬರೆಯುವುದು ತಪ್ಪು, ನಿಜ. ಆದರೂ ಅವನ್ನು ಓದುವಾಗ ನನಗೆ ಹಿತ್ತಲಿನ ಆ ಹೆಂಗಸರ ದನಿ ಕೇಳಿದಂತಾಗುತ್ತದೆ.

ಈಗ ನಮಗೆ ಓದು ಬರುತ್ತದೆ, ಕೈಯಲ್ಲಿ ಫೋನಿದೆ. ಆದರೆ ಒಬ್ಬೊಬ್ಬರೇ ಓದಿ, ಒಬ್ಬೊಬ್ಬರೇ ಮುಗಿಸುತ್ತೇವೆ. ಬಾಯಿಬಿಟ್ಟು ಹೇಳಲಾಗದ ಸಂಗತಿಗಳು ಮಾತ್ರ ಊರಲ್ಲಿ ಹಾಗೇ ಇವೆ. ಸಾಲ, ಕುಡಿತ, ಜಾತಿ ಬಿಟ್ಟು ಮದುವೆಯಾದ ಮಗಳು, ಕಾಯಿಲೆಯೆಂದು ಒಪ್ಪಿಕೊಳ್ಳದ ಕಾಯಿಲೆ. ಇವೆಲ್ಲದರ ಬಗ್ಗೆಯೂ ಕನ್ನಡದಲ್ಲಿ ಕಾದಂಬರಿಗಳಿವೆ.

ಈ ವಾರ ನಿಮ್ಮ ಪಂಚಾಯ್ತಿ ಲೈಬ್ರರಿಯಿಂದ ಒಂದು ಕಾದಂಬರಿ ತನ್ನಿ. ಮನೆಯಲ್ಲಿ ಓದು ಬಾರದವರು ಯಾರಾದರೂ ಇದ್ದರೆ ಅವರ ಪಕ್ಕ ಕೂತು ನಾಲ್ಕು ಪುಟ ಗಟ್ಟಿಯಾಗಿ ಓದಿ. ಆಮೇಲೆ ಅವರು ಏನು ಹೇಳುತ್ತಾರೋ ಕೇಳಿ.