ಗಿರಣಿಯ ಇಲಿಬೇಟೆಗಾರ

ನನ್ನ ಕ್ಲಿನಿಕ್ಕಿಗೆ ಬರುವ ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಹೆಚ್ಚಿನವು ನಡೆದು ಬರುವುದಿಲ್ಲ, ಯಾರದೋ ತೋಳಿನ ಮೇಲೆ ಬರುತ್ತವೆ. ಮೇಜಿನ ಮೇಲೆ ಇಳಿಸಿದ್ದೇ ತಡ, ಮೂರು ಕೆಜಿ ತೂಗದ ಈ ಪ್ರಾಣಿ ಬಾಗಿಲಲ್ಲಿ ಕೂತ ಜರ್ಮನ್ ಶೆಪರ್ಡ್ ಮೇಲೆ ಏರಿಹೋಗಲು ನೋಡುತ್ತದೆ. ‘ಇಷ್ಟೊಂದು ಸೊಕ್ಕು ಯಾಕೆ ಡಾಕ್ಟ್ರೇ?’ ಎಂದು ಮನೆಯವರು ಕೇಳುತ್ತಾರೆ. ಸೊಕ್ಕಲ್ಲ, ಹಿರಿಯರ ಕಸುಬು ಎನ್ನುತ್ತೇನೆ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೂಲಿ ಹುಡುಕಿಕೊಂಡು ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಾಶೈರ್ ಕಡೆಗೆ ಗುಳೆ ಬಂದರು. ಬ್ರಾಡ್‌ಫರ್ಡ್, ಹ್ಯಾಲಿಫ್ಯಾಕ್ಸ್, ಹಡರ್ಸ್‌ಫೀಲ್ಡ್‌ಗಳಲ್ಲಿ ಉಣ್ಣೆ ಗಿರಣಿಗಳ ಚಿಮಣಿಗಳು ಎದ್ದಿದ್ದವು. ಹೆಂಡತಿ ಮಕ್ಕಳ ಜತೆ ಪೇಯ್ಸ್ಲಿ, ಕ್ಲೈಡ್ಸ್‌ಡೇಲ್ ಎಂಬ ಟೆರಿಯರ್‌ಗಳೂ ಬಂದವು. ಅವು ಅಲ್ಲಿನ ನಾಯಿಗಳ ಜತೆ ಕೂಡಿ ಹುಟ್ಟಿದ್ದೇ ಈ ತಳಿ. ಗಿರಣಿಯಲ್ಲೂ ಕೂಲಿಕಾರರ ಇಕ್ಕಟ್ಟಿನ ಮನೆಗಳಲ್ಲೂ ಇಲಿಗಳ ಕಾಟ. ಬಡವನ ಮನೆಯಲ್ಲಿ ದೊಡ್ಡ ನಾಯಿಗೆ ಜಾಗವಿಲ್ಲ, ಅನ್ನವೂ ಇಲ್ಲ. ಯಂತ್ರದ ಸಂದಿಗೆ ನುಗ್ಗುವ, ಯಾರ ಅಪ್ಪಣೆಗೂ ಕಾಯದೆ ಇಲಿಯ ಕುತ್ತಿಗೆಗೆ ಬಾಯಿ ಹಾಕಿ ಒಂದೇ ಸಲ ಜಾಡಿಸಿ ಮುಗಿಸುವ ನಾಯಿ ಬೇಕಿತ್ತು.

ಇದರಲ್ಲಿ ಜೂಜೂ ಸೇರಿತು. 1835ರ ಕಾಯಿದೆ ಗೂಳಿ, ಕರಡಿಗಳ ಮೇಲೆ ನಾಯಿ ಬಿಡುವ ಆಟವನ್ನು ನಿಲ್ಲಿಸಿದ ಮೇಲೆ ಇಲಿ ಕೊಲ್ಲುವ ಪಂದ್ಯಗಳು ಜೋರಾದವು. ಕಟಕಟೆಯೊಳಗೆ ಇಲಿಗಳನ್ನು ಬಿಟ್ಟು, ಗಡಿಯಾರ ಹಿಡಿದು, ಹಣ ಕಟ್ಟುತ್ತಿದ್ದರು. 1865ರಲ್ಲಿ ಹುಟ್ಟಿದ ಇದೇ ತಳಿಯ ನಾಯಿ ಹಡರ್ಸ್‌ಫೀಲ್ಡ್ ಬೆನ್ ಇಂಥ ಪಂದ್ಯಗಳಲ್ಲೂ ಗೆದ್ದ, ಶ್ವಾನ ಪ್ರದರ್ಶನಗಳಲ್ಲೂ ಗೆದ್ದ. ಅವನನ್ನು ಸಾಕಿದವರು ಬ್ರಾಡ್‌ಫರ್ಡಿನ ಮೇರಿ ಆ್ಯನ್ ಫಾಸ್ಟರ್. 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತರೂ ತಳಿಯ ಮೂಲಪುರುಷ ಅವನೇ.

ಆಮೇಲೆ ಪ್ರದರ್ಶನದ ಗೀಳು ಗೆದ್ದಿತು. ಶ್ರೀಮಂತರ ಮನೆಯ ಹೆಂಗಸರು ಚಿಕ್ಕದನ್ನೇ ಕೇಳಿದರು. ಸಾಕುವವರು ಮೈ ಕುಗ್ಗಿಸಿದರು, ನೆಲ ಮುಟ್ಟುವ ಉಕ್ಕುನೀಲಿ ಕೂದಲು ಬೆಳೆಸಿದರು. ಆ ರೇಷ್ಮೆಯಂಥ ಕೂದಲು ಮಗ್ಗದಲ್ಲೇ ನೇಯ್ದದ್ದು ಎಂದು ಜನ ಗೇಲಿ ಮಾಡುತ್ತಿದ್ದರಂತೆ. 1886ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ಮಾನ್ಯತೆ ಸಿಕ್ಕಿತು. ದೇಹ ಬದಲಾಯಿತು, ಬುದ್ಧಿ ಬದಲಾಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕ ಬಿಲ್ ವಿನ್ ಸಾಕಿದ್ದ ಸ್ಮೋಕಿ ಇದಕ್ಕೆ ಸಾಕ್ಷಿ. ಫಿಲಿಪ್ಪೀನ್ಸಿನ ಲಿಂಗಾಯೆನ್ ವಿಮಾನನೆಲೆಯಲ್ಲಿ, ಎಂಟು ಇಂಚು ಅಗಲದ ಮೋರಿ ಕೊಳವೆಯೊಳಗೆ 70 ಅಡಿ ತೆವಳಿ ಟೆಲಿಫೋನ್ ತಂತಿ ಎಳೆದುಕೊಂಡು ಹೋದ ಹೆಣ್ಣು ಯಾರ್ಕ್‌ಶೈರ್ ಟೆರಿಯರ್ ಅದು. ಸಂದಿ ಕಂಡರೆ ನುಗ್ಗು ಎನ್ನುವುದು ರಕ್ತದಲ್ಲೇ ಇತ್ತಲ್ಲ!

ಹಾಗಾಗಿ ಲಿಫ್ಟಿನ ಸದ್ದಿಗೆಲ್ಲ ಬೊಗಳುತ್ತದೆ, ಸೋಫಾದ ಕೆಳಗೆ ಕೆರೆಯುತ್ತದೆ, ಕರೆದರೆ ತನಗೆ ಬೇಕಾದಾಗ ಬರುತ್ತದೆ ಎಂದು ದೂರುವವರಿಗೆ ನಾನು ಮದ್ದು ಬರೆಯುವುದಿಲ್ಲ. ಬಟ್ಟೆಯ ಗೊಂಬೆ ಬಚ್ಚಿಟ್ಟು ಹುಡುಕಿಸಿ, ದಿನಾ ನಡೆಸಿ, ಶ್ವಾಸನಾಳ ಸೂಕ್ಷ್ಮವಾದ್ದರಿಂದ ಕುತ್ತಿಗೆಪಟ್ಟಿ ಬಿಟ್ಟು ಎದೆಗೆ ಹಾರ್ನೆಸ್ ಹಾಕಿ ಎನ್ನುತ್ತೇನೆ. ಕೆಲಸಕ್ಕೆಂದು ಬೆಳೆಸಿದ ನಾಯಿಯನ್ನು ಒಡವೆಯ ಹಾಗೆ ಇಟ್ಟುಕೊಂಡರೆ ತಕರಾರು ಹೇಳಬೇಕಾದದ್ದು ನಾವಲ್ಲ, ಅದು.