ಹಿಮದೂರಿನ ಬಣ್ಣದ ಗೆಂಡೆ

ಜಪಾನಿನ ನೀಗಾಟ ಪ್ರಾಂತ್ಯದ ಯಮಕೋಶಿ ಗುಡ್ಡಗಳಲ್ಲಿ ಚಳಿಗಾಲ ಬಂತೆಂದರೆ ಆಳೆತ್ತರಕ್ಕೂ ಮೀರಿ ಹಿಮ ಬೀಳುತ್ತದೆ, ಹಿಂದೆ ದಾರಿಗಳೇ ಮುಚ್ಚಿಹೋಗುತ್ತಿದ್ದವು. ಊಟಕ್ಕೆ ಮೀನು ಬೇಕಲ್ಲ? ಅದಕ್ಕೇ ರೈತರು ಮೆಟ್ಟಿಲುಗದ್ದೆಗಳಿಗೆ ನೀರುಣಿಸುವ ಹೊಂಡಗಳಲ್ಲಿ ಕಪ್ಪು ಗೆಂಡೆ ಸಾಕುತ್ತಿದ್ದರು. 19ನೇ ಶತಮಾನದ ಆರಂಭದಲ್ಲಿ ಅವುಗಳ ನಡುವೆ ಕೆಂಪು, ಬಿಳಿ ಛಾಯೆಯ ಮರಿಗಳು ಕಂಡವು. ಅವನ್ನು ಪಾತ್ರೆಗೆ ಹಾಕದೆ ಬೇರೆ ಹೊಂಡಕ್ಕೆ ಬಿಟ್ಟ ಆ ಹೆಸರಿಲ್ಲದ ರೈತರಿಂದಲೇ ಇಂದಿನ ಕೊಯ್ ಮೀನಿನ ಕಥೆ ಶುರು.

ಇವನ್ನು ಆರಿಸಿ ಬೆಳೆಸುವ ವಿದ್ಯೆ ಗದ್ದೆಯ ಬದಿಯಲ್ಲೇ ಮನೆಮಂದಿಗೆ ಇಳಿದು ಬಂತು. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಯಿಡಬಹುದು, ಉಳಿಸಿಕೊಳ್ಳುವುದು ಬೆರಳೆಣಿಕೆಯಷ್ಟು. ಶೋವಾ ಎಂಬ ಕೊಯ್ ತಳಿಯಲ್ಲಂತೂ ಮೊಟ್ಟೆಯೊಡೆದ ಕೆಲವೇ ದಿನಗಳಲ್ಲಿ, ರೆಪ್ಪೆಗೂದಲಿನಷ್ಟು ಸಣ್ಣ ಮರಿಗಳನ್ನು ಬಿಳಿ ಬಟ್ಟಲಲ್ಲಿಟ್ಟುಕೊಂಡು, ಕಪ್ಪಗಿದ್ದವನ್ನಷ್ಟೇ ಆರಿಸುತ್ತಾರೆ. ಮುಂದೆ ಮೈದುಂಬುವ ಬಣ್ಣವನ್ನು ಈಗಲೇ ಊಹಿಸುವ ಆ ಕಣ್ಣು ಪುಸ್ತಕದಿಂದ ಬರುವಂಥದ್ದಲ್ಲ.

ಬೇಸಿಗೆಯಲ್ಲಿ ಮರಿಗಳು ಮಣ್ಣಿನ ಹೊಂಡದಲ್ಲಿ ಬೆಳೆಯುತ್ತವೆ. ಹಿಮ ಬೀಳುವ ಮುನ್ನ, ಅಕ್ಟೋಬರಿನ ಹೊತ್ತಿಗೆ, ನೀರು ಬಸಿದು ಬಲೆಯಿಂದ ಮೇಲೆತ್ತುತ್ತಾರೆ.

1914ರ ಟೋಕಿಯೊ ವಸ್ತುಪ್ರದರ್ಶನಕ್ಕೆ ಈ ಮೀನು ಹೋದ ಮೇಲೆ ಗುಡ್ಡದ ಗುಟ್ಟು ದೇಶಕ್ಕೆಲ್ಲ ತಿಳಿಯಿತು.

2004ರ ಅಕ್ಟೋಬರ್ 23ರಂದು ಭೂಕಂಪ ಆ ಗುಡ್ಡಗಳನ್ನೇ ಸೀಳಿತು. ಹೊಂಡಗಳು ಬಿರುಕುಬಿಟ್ಟು ಬತ್ತಿದವು, ಯಮಕೋಶಿಯ ಜನರೆಲ್ಲ ಊರು ಬಿಡಬೇಕಾಯಿತು. ತಲೆಮಾರುಗಳಿಂದ ಕಾಪಾಡಿದ ತಳಿಮೀನುಗಳಲ್ಲಿ ಬದುಕುಳಿದವನ್ನು ಹೆಲಿಕಾಪ್ಟರ್‌ನಲ್ಲಿ ಕೆಳಗೆ ಸಾಗಿಸಿದರು. ನಂತರ ರೈತರು ಮರಳಿ ಬಂದು ಕಟ್ಟೆ ಕಟ್ಟಿ, ಮತ್ತೆ ನೀರು ತುಂಬಿದರು.